ಮೊದಲ ಮಿರರ್‌ಲೆಸ್ ಕ್ಯಾಮೆರಾ: ಜೊತೆಗೆ ಏನು ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಗದಗದಲ್ಲಿ ಪ್ರೌಢಶಾಲಾ ಶಿಕ್ಷಕಿ. ಲಕ್ಕುಂಡಿ ಮತ್ತು ತ್ರಿಕೂಟೇಶ್ವರ ಗುಡಿಗಳ ಶಿಲ್ಪ, ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಹಕ್ಕಿಗಳು, ನಮ್ಮ ಶಾಲೆಯ ಕಾರ್ಯಕ್ರಮಗಳು, ಇವುಗಳ ಫೋಟೊ ತೆಗೆಯಬೇಕೆಂಬ ಆಸೆಯಿಂದ ಹಣ ಕೂಡಿಸಿ, 24 ಮೆಗಾಪಿಕ್ಸೆಲ್‌ನ ಮಿರರ್‌ಲೆಸ್ ಕ್ಯಾಮೆರಾವೊಂದನ್ನು 18–45 ಮಿ.ಮೀ. ಕಿಟ್ ಲೆನ್ಸ್ ಸಹಿತ ಕೊಳ್ಳಲಿದ್ದೇನೆ. ಹುಬ್ಬಳ್ಳಿಯ ಅಂಗಡಿಯವರು ಬ್ಯಾಗ್, 128 ಜಿಬಿ ಕಾರ್ಡ್, ಟ್ರೈಪಾಡ್, ಯುವಿ ಫಿಲ್ಟರ್, ಕ್ಲೀನಿಂಗ್ ಕಿಟ್ ಮತ್ತು ಎಲ್‌ಇಡಿ ಲೈಟ್ ಸೇರಿದ ‘ಕಾಂಬೊ’ ಒಂದನ್ನು ಎಂಟು ಸಾವಿರಕ್ಕೆ ಕೊಡುವುದಾಗಿ ಹೇಳುತ್ತಿದ್ದಾರೆ. ನನ್ನ ಬಳಿ ಉಳಿಯುವುದು ಹತ್ತು ಸಾವಿರ ರೂಪಾಯಿ. ಇದನ್ನು ಕೊಳ್ಳಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಕೊಳ್ಳಬೇಡಿ. ನಿಮಗೆ ಮೊದಲ ದಿನವೇ ಬೇಕಾಗುವ ವಸ್ತುಗಳು ಎರಡು ಮಾತ್ರ, ಆ ಪಟ್ಟಿಯಲ್ಲಿರುವುದು ಅವುಗಳಲ್ಲಿ ಒಂದೇ, ಮತ್ತು ಆ ಎರಡನ್ನೂ ನೀವೇ ನೋಡಿ ಆರಿಸಿದರೆ ಇನ್ನೂ ಒಳ್ಳೆಯವು ಸಿಗುತ್ತವೆ. ತೆಗೆದ ಚಿತ್ರವನ್ನು ಕಾಪಾಡುವ ಮತ್ತು ಕ್ಯಾಮೆರಾವನ್ನು ಸುಸ್ಥಿತಿಯಲ್ಲಿಡುವ ಪರಿಕರಗಳಿಗೆ ಮೊದಲು ಹಣ ಹಾಕಬೇಕು; ಉಳಿದವುಗಳ ಅಗತ್ಯವನ್ನು ನಾಲ್ಕಾರು ತಿಂಗಳು ತೆಗೆದ ನಿಮ್ಮದೇ ಫೋಟೊಗಳು ತೋರಿಸಿಕೊಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು ಮೆಮರಿ ಕಾರ್ಡ್. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ 170, 200 ಎಂಬ ಸಂಖ್ಯೆಗಳನ್ನು ನೋಡಿ ಮಾರುಹೋಗಬೇಡಿ. ಅದು ಕಾರ್ಡಿನಿಂದ ಕಂಪ್ಯೂಟರಿಗೆ ಚಿತ್ರಗಳನ್ನು ಓದಿಸುವಾಗಿನ ಗರಿಷ್ಠ ವೇಗ, ಅದೂ ಆ ಕಂಪನಿಯದೇ ರೀಡರ್ ಇದ್ದರೆ ಸಿಗುವಂಥದ್ದು. ಯುಎಚ್‌ಎಸ್-1 ವರ್ಗದ ಕಾರ್ಡುಗಳಿಗೆ ನಿಗದಿಯಾದ ಮಿತಿಯೇ ಸೆಕೆಂಡಿಗೆ 104 ಎಂಬಿ. ನಿಮಗೆ ಮುಖ್ಯವಾದದ್ದು ಅದೇ ಕಾರ್ಡಿನ ಮೇಲೆ ಸಣ್ಣದಾಗಿ ಕಾಣುವ ‘ವಿ30’ ಎಂಬ ಗುರುತು. ಬರೆಯುವ ವೇಗ ಯಾವ ಹಂತದಲ್ಲೂ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ ಅದರಲ್ಲಿದೆ. ಆರಂಭಿಕ ದರ್ಜೆಯ ಕ್ಯಾಮೆರಾಗಳ 4ಕೆ ವಿಡಿಯೊ ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್‌ನ ಆಸುಪಾಸಿನಲ್ಲಿರುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್ ಎಂಬ ಲೆಕ್ಕದಲ್ಲಿ ಅದು ಬರೀ 12.5 ಎಂಬಿ ಆಗುವುದರಿಂದ ವಿ30 ಕಾರ್ಡು ಧಾರಾಳವಾಗಿ ಸಾಕು. ದುಬಾರಿ ವಿ60, ವಿ90 ಕಾರ್ಡುಗಳ ವೇಗವನ್ನು ಪೂರ್ತಿ ಬಳಸಿಕೊಳ್ಳಬಲ್ಲ ಎರಡನೇ ಸಾಲಿನ ಸಂಪರ್ಕ ಪಟ್ಟಿಗಳು ಈ ದರ್ಜೆಯ ಹೆಚ್ಚಿನ ಕ್ಯಾಮೆರಾಗಳ ಕಾರ್ಡು ಕಿಂಡಿಯಲ್ಲಿ ಇರುವುದಿಲ್ಲ.

128 ಜಿಬಿಯ ಒಂದು ಕಾರ್ಡಿಗಿಂತ 64 ಜಿಬಿಯ ಎರಡು ಕಾರ್ಡು ಒಳ್ಳೆಯವು. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಮತ್ತು ಜೆಪೆಗ್ (ಸಾಮಾನ್ಯ ಚಿತ್ರ) ಎರಡನ್ನೂ ಒಟ್ಟಿಗೆ ಉಳಿಸಿದರೂ ಒಂದು ಕಾರ್ಡಿನಲ್ಲಿ ಹೆಚ್ಚುಕಡಿಮೆ ಸಾವಿರದ ಐನೂರು ಫೋಟೊ ಹಿಡಿಯುತ್ತವೆ. ಲಕ್ಕುಂಡಿಯಲ್ಲಿ ಒಂದಿಡೀ ದಿನ ಸುತ್ತಿದರೂ ಅಷ್ಟು ತುಂಬುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ನಡುವೆ ಒಂದು ಕಾರ್ಡು ಕೈಕೊಟ್ಟರೆ ಉಳಿದರ್ಧವಾದರೂ ಇನ್ನೊಂದರಲ್ಲಿ ಸುರಕ್ಷಿತವಾಗಿರುತ್ತದೆ. ನಕಲಿ ಕಾರ್ಡುಗಳ ಹಾವಳಿ ವಿಪರೀತವಾಗಿದೆ. 16 ಜಿಬಿಯ ಚಿಪ್ಪಿಗೆ 128 ಎಂಬ ಲೇಬಲ್ ಅಂಟಿಸಿ, ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಅಷ್ಟೇ ಜಾಗವಿದೆ ಎಂದು ತೋರಿಸುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ನಂತರ ಬರೆದ ಫೋಟೊಗಳೆಲ್ಲ ತೆರೆಯದೆ ಹೋಗುತ್ತವೆ. ಕಾರ್ಡು ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿ ಬರೆಸಿ ಓದಿಸಿ ನೋಡಿ, ಬಳಿಕ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಫೋಟೊಗಳು ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಎಂದು ಎರಡು ಪ್ರತಿ ಆಗುವವರೆಗೆ ಕಾರ್ಡನ್ನು ಅಳಿಸಬಾರದು.

ಎರಡನೆಯದು ಹೆಚ್ಚುವರಿ ಬ್ಯಾಟರಿ. ಇದು ಅಂಗಡಿಯವರ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಮೂಲಕ ದೃಶ್ಯವನ್ನು ನೋಡುವಾಗ ವಿದ್ಯುತ್ತಿನ ಖರ್ಚು ತೀರಾ ಕಡಿಮೆ. ಮಿರರ್‌ಲೆಸ್‌ನಲ್ಲಿ ಕ್ಯಾಮೆರಾ ಚಾಲೂ ಇರುವಷ್ಟು ಹೊತ್ತೂ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್ಪು) ಮತ್ತು ಪರದೆ ಕೆಲಸ ಮಾಡುತ್ತಲೇ ಇರುತ್ತವೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸೀಪಾದ ಅಳತೆಯಂತೆ ಈ ದರ್ಜೆಯ ಕ್ಯಾಮೆರಾಗಳಿಗೆ ಕಂಪನಿಗಳು ಘೋಷಿಸುವ ಸಂಖ್ಯೆ ಸಾಮಾನ್ಯವಾಗಿ ಒಂದು ಚಾರ್ಜಿಗೆ 300ರಿಂದ 400 ಫೋಟೊ. ಬೆಳಿಗ್ಗೆ ಹೊರಟು ಕಾಶಿವಿಶ್ವೇಶ್ವರ ಗುಡಿ, ಬ್ರಹ್ಮ ಜಿನಾಲಯ ಮುಗಿಸುವಷ್ಟರಲ್ಲಿ ಬ್ಯಾಟರಿಯ ಗುರುತು ಕೆಂಪಾಗಬಹುದು. ಎರಡನೇ ಬ್ಯಾಟರಿಯನ್ನು ಕ್ಯಾಮೆರಾ ಕಂಪನಿಯದೇ ಕೊಳ್ಳಿ. ನಿಮ್ಮ ಹತ್ತು ಸಾವಿರದಲ್ಲಿ ಇದೇ ದೊಡ್ಡ ಖರ್ಚಾದರೂ ಅದಕ್ಕೆ ತಕ್ಕ ಉಪಯೋಗವಿದೆ. ಅಗ್ಗದ ಬ್ಯಾಟರಿಗಳು ಉಬ್ಬಿಕೊಂಡು ಗೂಡಿನಲ್ಲಿಯೇ ಸಿಕ್ಕಿಹಾಕಿಕೊಳ್ಳುವುದುಂಟು, ಅರ್ಧ ಚಾರ್ಜ್ ತೋರಿಸುತ್ತಿದ್ದವು ಇದ್ದಕ್ಕಿದ್ದಂತೆ ಆರಿಹೋಗುವುದೂ ಉಂಟು. ಕೆಲವು ಕ್ಯಾಮೆರಾಗಳ ಪೆಟ್ಟಿಗೆಯಲ್ಲಿ ಬೇರೆ ಚಾರ್ಜರ್ ಇರುವುದಿಲ್ಲ, ಯುಎಸ್‌ಬಿ-ಸಿ ಮೂಲಕ ಕ್ಯಾಮೆರಾದ ಒಳಗೇ ಚಾರ್ಜ್ ಮಾಡಬೇಕಾಗುತ್ತದೆ. ಅಂಥವುಗಳಲ್ಲಿ ಕೆಲವು ಪಿಡಿ (ಪವರ್ ಡೆಲಿವರಿ) ಬಗೆಯ ಅಡಾಪ್ಟರ್ ಇದ್ದರೆ ಮಾತ್ರ ಚಾರ್ಜ್ ಆಗುತ್ತವೆ. ಹಣ ಕೊಡುವ ಮೊದಲು ಪೆಟ್ಟಿಗೆಯಲ್ಲಿ ಏನೇನಿದೆ ಎಂದು ತೆಗೆಸಿ ನೋಡಿ.

ಯುವಿ ಫಿಲ್ಟರ್ ಬೇಡ. ಫಿಲ್ಮಿನ ಕಾಲದಲ್ಲಿ ಅದಕ್ಕೊಂದು ಕೆಲಸವಿತ್ತು, ಆದರೆ ಈಗಿನ ಸೆನ್ಸರ್‌ಗಳ ಮುಂದೆ ಅತಿನೇರಳೆ ಕಿರಣಗಳನ್ನು ತಡೆಯುವ ಗಾಜು ಕಾರ್ಖಾನೆಯಲ್ಲಿಯೇ ಕೂತಿರುತ್ತದೆ. ಕಾಂಬೊಗಳಲ್ಲಿ ಬರುವ ಲೇಪನವಿಲ್ಲದ ಅಗ್ಗದ ಗಾಜು ಗರ್ಭಗುಡಿಯ ದೀಪದಂಥ ಪ್ರಕಾಶಮಾನ ಬೆಳಕಿನ ಮುಂದೆ ಹಸಿರು ಚುಕ್ಕೆಗಳನ್ನು, ಮಂಜು ಕವಿದಂಥ ಛಾಯೆಯನ್ನು ಮೂಡಿಸುತ್ತದೆ. ಲೆನ್ಸಿನ ರಕ್ಷಣೆಗೆ ಅದರ ಮುಂದೆ ಕೂರುವ ಕೊಳವೆಯಂಥ ಲೆನ್ಸ್ ಹುಡ್ ಹಾಕಿಕೊಳ್ಳಿ. ಅದು ಓರೆಯಾಗಿ ಬೀಳುವ ಬಿಸಿಲನ್ನೂ ತಡೆಯುತ್ತದೆ, ತಾಗುವ ಪೆಟ್ಟನ್ನೂ ತಾನೇ ತೆಗೆದುಕೊಳ್ಳುತ್ತದೆ. ನಿಮ್ಮ ಆಸಕ್ತಿಗೆ ಮುಂದೆ ನಿಜಕ್ಕೂ ಉಪಯೋಗಕ್ಕೆ ಬರಬಹುದಾದ ಫಿಲ್ಟರ್ ಎಂದರೆ ಪೋಲರೈಸರ್. ಲಕ್ಕುಂಡಿಯ ಬಳಪದ ಕಲ್ಲಿನ ನಯವಾದ ಕಂಬಗಳ ಮೇಲೆ ಹೊರಗಿನ ಬೆಳಕು ಬಿದ್ದು ಬೆಳ್ಳಗೆ ಹೊಳೆಯುವಾಗ, ಅದನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಹೊಳಪು ಇಳಿದು ಕೆತ್ತನೆಯ ಗೆರೆಗಳು ಮೇಲೆದ್ದು ಬರುವುದನ್ನು ಪರದೆಯಲ್ಲಿ ಕಣ್ಣಾರೆ ನೋಡಬಹುದು. ಆದರೆ ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಆದ್ದರಿಂದ ಮಂಟಪದ ಒಳಗಿನ ಕತ್ತಲೆಯಲ್ಲಿ ತೆಗೆದಿಡಬೇಕು. ಕೊಳ್ಳುವಾಗ ಲೆನ್ಸಿನ ಮುಂಭಾಗದಲ್ಲಿ ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕದಲ್ಲಿರುವ ಅಳತೆಯನ್ನು ಬರೆದುಕೊಂಡು ಹೋಗಿ. ಕಿಟ್ ಲೆನ್ಸ್‌ಗಳಲ್ಲಿಯೇ 40.5, 46, 49, 52 ಮಿ.ಮೀ. ಎಂದು ಕಂಪನಿಗೊಂದು ಅಳತೆ ಇದೆ.

ಟ್ರೈಪಾಡ್ ವಿಚಾರದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಬೇಕಾದರೆ ಇಲಾಖೆಯ ಅನುಮತಿ ಪಡೆಯಬೇಕು. ನೀವು ಹೆಸರಿಸಿದ ಲಕ್ಕುಂಡಿಯಂಥ ಕಡೆ ಕೈಯಲ್ಲಿ ಹಿಡಿದೇ ಫೋಟೊ ತೆಗೆಯುವುದನ್ನು ರೂಢಿಸಿಕೊಳ್ಳುವುದು ಮೇಲು. ಕಪ್ಪತಗುಡ್ಡದ ಗಾಳಿಯಲ್ಲಿ ಕಾಂಬೊದ ಹಗುರ ಟ್ರೈಪಾಡ್ ಕ್ಯಾಮೆರಾ ಸಮೇತ ಉರುಳುವ ಸಾಧ್ಯತೆಯೇ ಹೆಚ್ಚು. ಮುಂದೆಂದಾದರೂ ಕೊಳ್ಳುವಾಗ ಅಂಗಡಿಯಲ್ಲಿಯೇ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ನಡುಗಂಬವನ್ನು ಏರಿಸದೆ, ತಲೆಭಾಗವನ್ನು ಅಂಗೈಯಿಂದ ಒತ್ತಿ ಒಂದಿಷ್ಟು ತಿರುಚಿ ನೋಡಿ. ಕಾಲು ಜಾರಿದರೆ, ತಲೆ ಅಲುಗಿದರೆ ಬಿಟ್ಟುಬಿಡಿ. ಬರೆದಿರುವ ಭಾರಮಿತಿ ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕದ ಮೂರು ಪಟ್ಟಾದರೂ ಇರಲಿ, ನಡುಗಂಬದ ಕೆಳಗೆ ಬ್ಯಾಗ್ ತೂಗುಹಾಕಲು ಕೊಕ್ಕೆ ಇರಲಿ.

ಗುಡಿಯ ಒಳಗಿನ ಕತ್ತಲೆಗೆ ನಿಜವಾದ ಪರಿಹಾರ ಲೆನ್ಸಿನಲ್ಲಿದೆ. ನಿಮ್ಮ ಕಿಟ್ ಲೆನ್ಸ್ 45 ಮಿ.ಮೀ.ಗೆ ಬಂದಾಗ ಅದರ ಅತಿ ದೊಡ್ಡ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/6.3ರಷ್ಟಿರುತ್ತದೆ; ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿ.ಮೀ. ಎಫ್/1.8ರ ಸಣ್ಣ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಅದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಸೆಕೆಂಡಿನ 10ನೇ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾವನ್ನು ಅಲುಗದಂತೆ ಹಿಡಿಯಬೇಕಿದ್ದ ಜಾಗದಲ್ಲಿ ಸೆಕೆಂಡಿನ 120ನೇ ಒಂದು ಭಾಗ ಸಾಕಾಗುತ್ತದೆ ಎಂದರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಬಾಗಿಲವಾಡದ ಸಣ್ಣ ಕೆತ್ತನೆಗಳಿಗೆ, ವೇದಿಕೆಯ ಮೇಲಿನ ಮಕ್ಕಳಿಗೆ ಅದೇ ಲೆನ್ಸ್ ಸಾಕು. ಉಳಿಯುವ ಹಣವನ್ನು ಬ್ಯಾಗು, ಲೈಟುಗಳಲ್ಲಿ ಕರಗಿಸದೆ ಇದಕ್ಕಾಗಿ ಕೂಡಿಡಿ. ಬ್ಯಾಗಿನ ಬದಲು ನೀವು ದಿನವೂ ಶಾಲೆಗೆ ಒಯ್ಯುವ ಬ್ಯಾಗಿನೊಳಗೆ ಕೂರುವ ಮೆತ್ತನೆಯ ಕ್ಯಾಮೆರಾ ಕವರ್ ಸಾಕು.

ಮಾಗಡಿಯ ಹಕ್ಕಿಗಳ ಬಗ್ಗೆ ನಿರಾಸೆಯ ಮಾತನ್ನೇ ಹೇಳಬೇಕಾಗಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ನಡುವೆ ತಂಗುವ ಪಟ್ಟೆತಲೆ ಹೆಬ್ಬಾತುಗಳು 45 ಮಿ.ಮೀ. ಲೆನ್ಸಿನಲ್ಲಿ ಚುಕ್ಕೆಗಳಾಗಿ ಕಾಣುತ್ತವೆಯೇ ಹೊರತು ಹಕ್ಕಿಗಳಾಗಿ ಅಲ್ಲ. ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ‘2ಎಕ್ಸ್ ಟೆಲಿ’ ಗಾಜುಗಳನ್ನು ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಚಿತ್ರದ ಅಂಚುಗಳೆಲ್ಲ ಕಲಸಿಹೋಗುತ್ತವೆ. ಹಕ್ಕಿಗಳಿಗೆ ಕಡಿಮೆಯೆಂದರೂ 200ರಿಂದ 300 ಮಿ.ಮೀ.ವರೆಗಿನ ಟೆಲಿಫೋಟೊ ಲೆನ್ಸೇ ಬೇಕು. ಈ ವರ್ಷ ಕೆರೆಯ ಭೂದೃಶ್ಯವನ್ನು, ಬೆಳಗಿನ ಆಕಾಶದಲ್ಲಿ ಹಾರುವ ಹಿಂಡುಗಳನ್ನು ತೆಗೆಯಿರಿ.

ಕೊನೆಯದಾಗಿ, ಜಿಎಸ್‌ಟಿ ಬಿಲ್ ಪಡೆಯಿರಿ, ಮತ್ತು ಪೆಟ್ಟಿಗೆಯ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರುವ ಚೀಟಿ ಇದೆಯೇ ಎಂದು ನೋಡಿ. ಅದಿಲ್ಲದ ಕ್ಯಾಮೆರಾ ಎಷ್ಟೇ ಅಗ್ಗವಾಗಿ ಸಿಕ್ಕರೂ ವಾರಂಟಿಯ ಸಮಯದಲ್ಲಿ ತೊಂದರೆಯಾಗುತ್ತದೆ.

ಪ್ರಶ್ನೆ: ದೀಪಾವಳಿಯ ನಂತರ ನಮ್ಮ ಭಾಗದಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳ ಫೋಟೊ ತೆಗೆಯುತ್ತೇನೆ. ಅಖಾಡದ ಪಕ್ಕದಲ್ಲಿಯೇ ಒಮ್ಮೆ ಲೆನ್ಸ್ ಬದಲಾಯಿಸಿದ ಮೇಲೆ, ಆಕಾಶ ಇರುವ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಬೂದು ಕಲೆ ಕಾಣುತ್ತಿದೆ. ಲೆನ್ಸ್ ಒರೆಸಿದರೂ ಹೋಗುತ್ತಿಲ್ಲ. ಯಾವ ಕ್ಲೀನಿಂಗ್ ಕಿಟ್ ಕೊಳ್ಳಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಕಲೆ ಲೆನ್ಸಿನ ಮೇಲಿಲ್ಲ, ಸೆನ್ಸರ್‌ನ ಮೇಲಿದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯ ಮರೆ ಇಲ್ಲದ್ದರಿಂದ, ಅನೇಕ ಮಾದರಿಗಳಲ್ಲಿ ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ಗಾಳಿಗೆ ತೆರೆದುಕೊಳ್ಳುತ್ತದೆ. ಖಚಿತಪಡಿಸಿಕೊಳ್ಳಲು ಅಪರ್ಚರ್ ಎಫ್/16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ. ಬೇರೆ ಲೆನ್ಸ್ ಹಾಕಿ ಮತ್ತೊಂದು ತೆಗೆಯಿರಿ. ಎರಡರಲ್ಲೂ ಕಲೆ ಅದೇ ಜಾಗದಲ್ಲಿದ್ದರೆ ಅನುಮಾನ ಬೇಡ. ಬಿಂಬ ಸೆನ್ಸರ್‌ನ ಮೇಲೆ ತಲೆಕೆಳಗಾಗಿ ಬೀಳುವುದರಿಂದ, ಚಿತ್ರದ ಮೇಲ್ಭಾಗದ ಆಕಾಶದಲ್ಲಿ ಕಾಣುವ ಕಣ ಸೆನ್ಸರ್‌ನ ಕೆಳಭಾಗದಲ್ಲಿರುತ್ತದೆ.

ನಿಮಗೆ ಬೇಕಾಗಿರುವುದು ಒಳ್ಳೆಯ ರಬ್ಬರ್ ಬ್ಲೋವರ್, ಕೆಲವೇ ನೂರು ರೂಪಾಯಿಯ ವಸ್ತು. ಮೊದಲು ಕ್ಯಾಮೆರಾದ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆಯ್ಕೆ ಇದ್ದರೆ ಅದನ್ನು ಎರಡು ಮೂರು ಸಲ ನಡೆಸಿ ನೋಡಿ. ಹೋಗದಿದ್ದರೆ, ಫ್ಯಾನ್ ಆರಿಸಿದ ಕೋಣೆಯಲ್ಲಿ ಲೆನ್ಸ್ ತೆಗೆದು, ಕ್ಯಾಮೆರಾದ ಬಾಯಿ ನೆಲದ ಕಡೆ ಇರುವಂತೆ ಹಿಡಿದು, ಬ್ಲೋವರ್‌ನ ಮೂತಿ ಒಳಗೆ ತಾಗದಂತೆ ಹೊರಗಿನಿಂದಲೇ ನಾಲ್ಕಾರು ಸಲ ಗಾಳಿ ಬಿಡಿ. ಬಿದ್ದ ಕಣ ಕೆಳಗೆ ಹೋಗುತ್ತದೆ. ಬಾಯಿಯಿಂದ ಊದಿದರೆ ಉಗುಳಿನ ಹನಿ ಸಿಡಿಯುತ್ತದೆ, ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಗಾಳಿಯ ಡಬ್ಬಿ ದ್ರವವನ್ನೇ ಚಿಮ್ಮಿಸಬಹುದು, ಎರಡನ್ನೂ ಮಾಡಬೇಡಿ. ಇಷ್ಟಕ್ಕೂ ಜಗ್ಗದ ಅಂಟು ಕಲೆಯನ್ನು ಕಂಪನಿಯ ಸೇವಾ ಕೇಂದ್ರಕ್ಕೆ ಒಪ್ಪಿಸಿ. ಕಿಟ್‌ಗಳಲ್ಲಿ ಬರುವ ಬ್ರಷ್ ಸೆನ್ಸರ್‌ಗೆ ಸರ್ವಥಾ ತಾಗಬಾರದು.

ಲೆನ್ಸಿನ ಗಾಜಿಗೂ ಮೊದಲು ಗಾಳಿ, ಆಮೇಲೆ ಬಟ್ಟೆ ಎಂಬ ಕ್ರಮವನ್ನೇ ಪಾಲಿಸಿ. ಎರೆಮಣ್ಣಿನ ದೂಳಿನ ಜೊತೆಗೆ ನಿಮ್ಮೂರಿನ ಮೆಣಸಿನಕಾಯಿ ಮಾರುಕಟ್ಟೆಯ ದೂಳೂ ಸೇರಿಕೊಂಡಿರುವ ಗಾಜನ್ನು ನೇರವಾಗಿ ಅಂಗಿಯ ಚುಂಗಿನಿಂದ ಒರೆಸಿದರೆ ಲೇಪನದ ಮೇಲೆ ಸೂಕ್ಷ್ಮ ಗೀರುಗಳು ಬೀಳುತ್ತವೆ. ಕೊಬ್ಬರಿ ಮಾಲೆ, ಬಲೂನು ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಬರುವ ಅಖಾಡದಲ್ಲಿ ಲೆನ್ಸ್ ಬದಲಾಯಿಸುವ ಪ್ರಸಂಗವೇ ಬರಬಾರದು. ಮನೆಯಲ್ಲಿಯೇ ಟೆಲಿಫೋಟೊ ಝೂಮ್ ಕೂರಿಸಿಕೊಂಡು ಹೋಗಿ. ಆಗ ನಿಮ್ಮ ಗಮನ ಹೋರಿಯ ಮೇಲಿರುತ್ತದೆ, ನೀವೂ ಬೇಲಿಯ ಹಿಂದೆ ಸುರಕ್ಷಿತವಾಗಿ ನಿಲ್ಲಬಹುದು.

ಪ್ರಶ್ನೆ: ಧಾರವಾಡದ ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಗಳೇ ಬೆವರುತ್ತವೆ. ಕ್ಯಾಮೆರಾವನ್ನು ಬಟ್ಟೆಯ ಅಲಮಾರಿಯಲ್ಲಿ, ಅದರ ಚರ್ಮದ ಚೀಲದಲ್ಲಿಟ್ಟಿದ್ದೇನೆ. ಡ್ರೈ ಕ್ಯಾಬಿನೆಟ್ ಅನಿವಾರ್ಯವೇ? ಅಕ್ಕಿಯ ಡಬ್ಬಿಯಲ್ಲಿಟ್ಟರೆ ಸಾಕು ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇವತ್ತೇ ಅದನ್ನು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಮತ್ತು ಗಾಳಿಯಾಡದ ಜಾಗ ಅದರ ಜೊತೆ ಸೇರಿದರೆ ಫಂಗಸ್‌ಗೆ ಬೇಕಾದದ್ದೆಲ್ಲ ದೊರೆತಂತೆ. ಸಾಪೇಕ್ಷ ಆರ್ದ್ರತೆ ಶೇ 60ನ್ನು ದಾಟಿ ಬಹುದಿನ ಹಾಗೆಯೇ ಉಳಿದರೆ ಲೆನ್ಸಿನ ಒಳಗಾಜಿನ ಮೇಲೆ ಬಿಳಿ ಎಳೆಗಳು ಬಲೆಯಂತೆ ಹರಡತೊಡಗುತ್ತವೆ, ಮತ್ತು ತಡವಾದರೆ ಅವು ಗಾಜಿನ ಲೇಪನವನ್ನೇ ತಿಂದುಹಾಕುತ್ತವೆ. ಇದ್ದೀತೇ ಎಂಬ ಅನುಮಾನವಿದ್ದರೆ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ.

ಅಕ್ಕಿ ಬೇಡ. ಅದು ತೇವವನ್ನು ಎಳೆದುಕೊಳ್ಳುವುದು ಅತ್ಯಲ್ಪ, ಅದರ ಹಿಟ್ಟು ಮಾತ್ರ ಗುಂಡಿಗಳ ಸಂದಿಗೆ ಇಳಿಯುತ್ತದೆ. ಒಂದು ಕ್ಯಾಮೆರಾ ಮತ್ತು ಒಂದೆರಡು ಲೆನ್ಸ್ ಇರುವವರಿಗೆ ಡ್ರೈ ಕ್ಯಾಬಿನೆಟ್ ಕೂಡ ಅನಿವಾರ್ಯವಲ್ಲ. ಅಡುಗೆಮನೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇದ್ದು ನಾಲ್ಕೂ ಬದಿಯಲ್ಲಿ ಬಿಗಿಯಾಗುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಸುಮಾರು ಕಾಲು ಕಿಲೊ ಸಿಲಿಕಾ ಜೆಲ್, ಒಳಗೆ ಇಡಬಹುದಾದ ಪುಟ್ಟ ಆರ್ದ್ರತಾ ಮಾಪಕ, ಇಷ್ಟಾದರೆ ಸಾಕು. ಮಾಪಕ ಶೇ 40ರಿಂದ 50ರ ನಡುವೆ ತೋರಿಸುತ್ತಿರಬೇಕು. ಇನ್ನೂ ಒಣಗಲಿ ಎಂದು ಶೇ 30ಕ್ಕಿಂತ ಕೆಳಗೆ ಇಳಿಸಬೇಡಿ. ಹಿಡಿಕೆಯ ರಬ್ಬರ್‌ಗೂ ಲೆನ್ಸಿನೊಳಗಿನ ಗ್ರೀಸ್‌ಗೂ ಅತಿಯಾದ ಒಣಹವೆ ಒಳ್ಳೆಯದಲ್ಲ. ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಕೊಂಡರೆ ಅನುಕೂಲ: ಕಿತ್ತಳೆ ಬಣ್ಣದ್ದು ತೇವ ಹೀರಿ ಹಸಿರಾಗುತ್ತದೆ, ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಮರಳುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಬೇಡ, ಮತ್ತು ಯಾವ ಬಗೆಯದನ್ನೂ ಅಡುಗೆಗೆ ಬಳಸುವ ಪಾತ್ರೆಯಲ್ಲಿ ಬಿಸಿ ಮಾಡಬಾರದು. ಕೆಲಗೇರಿ ಕೆರೆಯಿಂದ ಮಳೆಯಲ್ಲಿ ನೆನೆದು ಬಂದ ದಿನ ಕ್ಯಾಮೆರಾವನ್ನು ನೇರವಾಗಿ ಡಬ್ಬಿಗೆ ಹಾಕದೆ, ಒರೆಸಿ, ಬ್ಯಾಟರಿ ಮತ್ತು ಕಾರ್ಡು ತೆಗೆದು, ಫ್ಯಾನಿನ ಗಾಳಿಯಲ್ಲಿ ಕೆಲವು ಗಂಟೆ ಇಟ್ಟು ಆಮೇಲೆ ಮುಚ್ಚಿಡಿ. ಬಹಳ ದಿನ ಬಳಸದೆ ಇಡುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ ಹೊರಗೆ ತೆಗೆದಿಡಿ.

ಪ್ರಶ್ನೆ: ಕಾಲೇಜು ವಿದ್ಯಾರ್ಥಿ. ಹೊಸ ಮಿರರ್‌ಲೆಸ್‌ನಲ್ಲಿ ಹಿರಿಯ ಕಲಾವಿದರ ಸಂದರ್ಶನಗಳ ವಿಡಿಯೊ ಮಾಡಬೇಕೆಂದಿದ್ದೇನೆ. ಮೊದಲು ಗಿಂಬಲ್ ಕೊಳ್ಳಲೇ, ಮೈಕ್ ಕೊಳ್ಳಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೈಕ್. ಕುಳಿತು ಮಾತನಾಡುವವರ ಮುಂದೆ, ನಡೆದಾಡುತ್ತ ತೆಗೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ಗೆ ಕೆಲಸವಿಲ್ಲ, ಅವರ ಮಾತು ಸ್ಪಷ್ಟವಾಗಿ ಕೇಳದಿದ್ದರೆ ಸಂದರ್ಶನವೇ ಇಲ್ಲ. ಕ್ಯಾಮೆರಾದ ಒಳಗಿನ ಮೈಕ್ ಕೋಣೆಯ ಪ್ರತಿಧ್ವನಿಯನ್ನೂ ರಸ್ತೆಯ ಹಾರ್ನನ್ನೂ ಮಾತಿನಷ್ಟೇ ಶ್ರದ್ಧೆಯಿಂದ ದಾಖಲಿಸುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 3.5 ಮಿ.ಮೀ. ಮೈಕ್ ಕಿಂಡಿ ಇದೆಯೇ ಎಂದು ನೋಡಿಕೊಂಡು, ಕಾಲರಿಗೆ ಸಿಕ್ಕಿಸುವ ಮೈಕನ್ನು ಕೊಳ್ಳಿ, ತಂತಿಯದಾದರೂ ಅಡ್ಡಿಯಿಲ್ಲ. ಗದ್ದದಿಂದ ಒಂದು ಗೇಣು ಕೆಳಗೆ, ಶಾಲು ಅಥವಾ ಸೆರಗು ಉಜ್ಜದಂತೆ ಸಿಕ್ಕಿಸಿ, ಮಾತಿನ ಏರುದನಿ ಕ್ಯಾಮೆರಾದ ಪರದೆಯ ಧ್ವನಿಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಇರುವಂತೆ ಮಟ್ಟವನ್ನು ಹೊಂದಿಸಿ. ಧ್ವನಿಮುದ್ರಣದ ಮಟ್ಟವನ್ನು ಆಟೊದಲ್ಲಿ ಬಿಟ್ಟರೆ ಅವರು ಮಾತು ನಿಲ್ಲಿಸಿ ಯೋಚಿಸುವ ಪ್ರತಿ ಕ್ಷಣದಲ್ಲೂ ಫ್ಯಾನಿನ ಸದ್ದು ಮೇಲೇಳುತ್ತದೆ.

ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಆದ್ದರಿಂದ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೆನುವಿನ ವಿಡಿಯೊ ಪದ್ಧತಿಯಲ್ಲಿ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಾಯಿಸಿ, ಸೆಕೆಂಡಿಗೆ 25 ಫ್ರೇಮ್, ಷಟರ್ ವೇಗ 1/50 ಇಟ್ಟುಕೊಂಡರೆ ಚಿತ್ರದಲ್ಲಿ ಪಟ್ಟೆಗಳು ಓಡುವುದಿಲ್ಲ. ಇದೇ 1/50ನ್ನು ಉಣಕಲ್ ಕೆರೆಯ ದಂಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಉಳಿಸಿಕೊಳ್ಳಬೇಕಾದರೆ ಮಾತ್ರ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ: ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) 100, ಅಪರ್ಚರ್ ಎಫ್/4 ಇದ್ದರೆ ಆ ಬಿಸಿಲು ಸುಮಾರು 1/1600 ವೇಗವನ್ನು ಕೇಳುತ್ತದೆ, ಅಂದರೆ ಬೆಳಕು 32 ಪಟ್ಟು ಹೆಚ್ಚಾಯಿತು, ಅದನ್ನು ತಗ್ಗಿಸಲು ಎನ್‌ಡಿ32. ಸಂದರ್ಶನಗಳೆಲ್ಲ ಮನೆಯ ಒಳಗೇ ನಡೆಯುವುದಾದರೆ ಆ ಹಣಕ್ಕೆ ಇನ್ನೊಂದು ಬ್ಯಾಟರಿ ಮತ್ತು ಕಾರ್ಡು ಕೊಳ್ಳಿ. ಗಂಟೆಗೆ ಸುಮಾರು 45 ಜಿಬಿ ತುಂಬುವ 4ಕೆ ವಿಡಿಯೊದಲ್ಲಿ 64 ಜಿಬಿಯ ಕಾರ್ಡು ಒಂದು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ, ಹಿರಿಯರು ಮಾತಿಗೆ ಕೂತರೆ ಅದು ಸಾಲುವುದಿಲ್ಲ.